ದೊಡ್ಡಗೋಣಿ, ಸಣ್ಣಗೋಣಿ

ಹಲಸೂರಿನ ಹಳೆಯ ಬೀದಿಗಳಲ್ಲಿ ಕಲ್ಲುಚಪ್ಪಡಿ ಹಾಸಿದ ಫುಟ್‌ಪಾತ್ ಅಲ್ಲಲ್ಲಿ ಇನ್ನೂ ಉಳಿದಿದೆ. ಚಪ್ಪಡಿ ಚಪ್ಪಡಿಯ ನಡುವೆ, ಕಿರುಬೆರಳೂ ತೂರದ ಸಂದಿಯಲ್ಲಿ, ನೆಲ ಕಚ್ಚಿಕೊಂಡು ಹಬ್ಬಿದ ಒಂದು ಪುಟ್ಟ ಗಿಡವಿರುತ್ತದೆ. ಸಪೂರ ಕೆಂಪು ಕಾಂಡ, ಅರ್ಧ ಸೆಂಟಿಮೀಟರ್ ಆಸುಪಾಸಿನ ದಪ್ಪ ಎಲೆ, ಬಿಸಿಲೇರಿದ ಮೇಲೆ ತೆರೆಯುವ ಹಳದಿ ಹೂ. ಅಲ್ಲಿಂದ ಹತ್ತು ಹೆಜ್ಜೆ ನಡೆದರೆ ಕೇಬಲ್ಲಿಗೋ ಕೊಳವೆಗೋ ಅಗೆದು ಮುಚ್ಚಿದ ಕೆಮ್ಮಣ್ಣು ಸಿಗುತ್ತದೆ. ಅದರ ಮೇಲೆ ಇದರದೇ ದೊಡ್ಡ ರೂಪದಂತೆ ಕಾಣುವ ಇನ್ನೊಂದು ಗಿಡ: ಅದೇ ಕೆಂಪು, ಅದೇ ರಸ, ಅದೇ ಹಳದಿ. ಎಲೆ ಮಾತ್ರ ಮೂರು ನಾಲ್ಕು ಪಟ್ಟು ದೊಡ್ಡದು. ನಮ್ಮ ಜನ ಎರಡನ್ನೂ ಗೋಣಿಸೊಪ್ಪು ಎನ್ನುತ್ತಾರೆ. ಬಿಡಿಸಿ ಹೇಳಬೇಕಾದಾಗ ಒಂದು ದೊಡ್ಡಗೋಣಿ, ಇನ್ನೊಂದು ಸಣ್ಣಗೋಣಿ.

ಉತ್ತರ ಕರ್ನಾಟಕದಿಂದ ಬಂದು ಕೆ.ಆರ್. ಪುರದಲ್ಲಿ ನೆಲೆಸಿದವರಿಗೆ ಇದು ಗೋಳಿ ಪಲ್ಯ. ಶಿವಾಜಿನಗರದ ಉರ್ದು ಮನೆಗಳಲ್ಲಿ ಕುಲ್ಫಾ, ಹಲಸೂರಿನ ತಮಿಳರಿಗೆ ಪರುಪ್ಪುಕೀರೆ, ತೆಲುಗರಿಗೆ ಗಂಗವಾಯಿಲಿ ಕೂರ. ಬೆಂಗಳೂರಿನ ದಂಡಿನ (ಕಂಟೋನ್ಮೆಂಟ್) ಪ್ರದೇಶದಲ್ಲಿ ಒಂದೇ ಬೀದಿಯಲ್ಲಿ ನಾಲ್ಕು ಭಾಷೆಯ ಒಲೆ ಉರಿಯುವುದು ಹೊಸದೇನಲ್ಲ. ಆದರೆ ನಾಲ್ಕೂ ಭಾಷೆಯವರು ಗೊತ್ತು ಮಾಡಿಕೊಂಡು ತಿನ್ನುವ ಕಾಡುಸೊಪ್ಪುಗಳು ಹೆಚ್ಚಿಲ್ಲ. ಇದು ಅವುಗಳಲ್ಲಿ ಒಂದು.

ಸಸ್ಯಶಾಸ್ತ್ರದಲ್ಲಿ ದೊಡ್ಡದರ ಹೆಸರು ಪೋರ್ಟುಲಾಕಾ ಒಲೆರೇಸಿಯ, ಸಣ್ಣದರದು ಪೋರ್ಟುಲಾಕಾ ಕ್ವಾಡ್ರಿಫಿಡ. ಎರಡಕ್ಕೂ ಹೆಸರಿಟ್ಟವನು ಲಿನಿಯಸ್ಸೇ. ಮೊದಲನೆಯದಕ್ಕೆ 1753ರಲ್ಲಿ, ಎರಡನೆಯದಕ್ಕೆ 1767ರಲ್ಲಿ. ಹದಿನಾಲ್ಕು ವರ್ಷದ ಅಂತರದಲ್ಲಿ ಅವನು ಇವನ್ನು ಬೇರೆ ಬೇರೆ ಪ್ರಭೇದಗಳೆಂದು ಗುರುತಿಸಿದ್ದು ಗಾತ್ರ ನೋಡಿ ಅಲ್ಲ. ಗಾತ್ರವನ್ನು ನಂಬಿ ಈ ಗಿಡಗಳನ್ನು ಗುರುತಿಸಲು ಹೊರಟವರು ಬೇಗ ಮೋಸಹೋಗುತ್ತಾರೆ. ಸಂದಿಯಲ್ಲಿ ಸಿಕ್ಕಿಕೊಂಡು, ನೀರಿಲ್ಲದೆ, ಕಾಲ್ತುಳಿತಕ್ಕೆ ಸಿಕ್ಕ ದೊಡ್ಡಗೋಣಿ ಎಷ್ಟು ಕುಗ್ಗುತ್ತದೆಂದರೆ ಅದರ ಎಲೆ ಸಣ್ಣಗೋಣಿಯ ಎಲೆಗಿಂತ ದೊಡ್ಡದೇನೂ ಇರುವುದಿಲ್ಲ. ಎಲೆಯನ್ನು ಅಳೆಯುವುದು ಬಿಟ್ಟು ಗೆಣ್ಣನ್ನು ನೋಡಬೇಕು.

ಒಂದು ಭೂತಗನ್ನಡಿ ಹಿಡಿದು ಕೂತರೆ ಸಾಕು. ಸಣ್ಣಗೋಣಿಯ ಕಾಂಡದಲ್ಲಿ ಪ್ರತಿ ಗೆಣ್ಣಿಗೂ ಎರಡು ಎಲೆ, ಎದುರುಬದುರು. ಎಲೆಗಳ ಬುಡದಲ್ಲಿ ಗೆಣ್ಣನ್ನು ಸುತ್ತುವರಿದ ಬಿಳಿಯ ಕೂದಲ ಕುಚ್ಚು, ಬರಿಗಣ್ಣಿಗೂ ಕಾಣುವಷ್ಟು. ಬೇಸಿಗೆಯಲ್ಲಿ ಎಲೆ ಸೊರಗಿದಾಗ ಈ ಕೂದಲೇ ಎದ್ದು ತೋರಿ ಗಿಡಕ್ಕೆ ಬೂಷ್ಟು ಹಿಡಿದಿದೆಯೇನೋ ಅನ್ನಿಸುತ್ತದೆ. ಗೆಣ್ಣಿನ ತಳಭಾಗ ಮಣ್ಣಿಗೆ ತಾಗಿದಲ್ಲೆಲ್ಲ ನವಿರಾದ ಬೇರು ಇಳಿದಿರುತ್ತದೆ. ಒಂದು ಕವಲನ್ನು ಎಳೆದರೆ ಅದು ಪಟಪಟನೆ ಗೆಣ್ಣು ಗೆಣ್ಣಿಗೆ ಬಿಟ್ಟುಕೊಂಡು ಬರುತ್ತದೆ, ಅರ್ಧ ಅಲ್ಲೇ ಉಳಿಯುತ್ತದೆ.

ದೊಡ್ಡಗೋಣಿಯಲ್ಲಿ ಎಲೆಗಳು ಹೆಚ್ಚಾಗಿ ಒಂದಾದ ಮೇಲೊಂದು, ಕಾಂಡದ ಆಚೀಚೆ. ಕವಲಿನ ತುದಿಯಲ್ಲಿ ಒತ್ತೊತ್ತಾಗಿ ಸೇರಿ ಹೂವಿಗೆ ತಟ್ಟೆ ಹಿಡಿದಂತೆ ಇರುತ್ತವೆ. ಬುಡ ಕಿರಿದು, ತುದಿ ಅಗಲ. ಗೆಣ್ಣಿನಲ್ಲಿ ಕೂದಲು ಹುಡುಕಿದರೆ ಒಂದೆರಡು ಸಿಕ್ಕೀತು, ಕಣ್ಣಿಗೆ ಬೀಳುವಷ್ಟಿಲ್ಲ. ನಡುವಿನ ಒಂದೇ ತಾಯಿಬೇರಿನಿಂದ ಕವಲುಗಳು ಎಲ್ಲ ದಿಕ್ಕಿಗೂ ಚಾಚಿರುತ್ತವೆ. ಆ ಬೇರನ್ನು ಹಿಡಿದು ಎತ್ತಿದರೆ ಗಿಡ ಇಡಿಯಾಗಿ ಕೈಗೆ ಬರುತ್ತದೆ.

ಹೂವು ನೋಡಿದರೆ ಅನುಮಾನವೇ ಉಳಿಯದು. ದೊಡ್ಡಗೋಣಿಗೆ ಸಾಮಾನ್ಯವಾಗಿ ಐದು ಎಸಳು, ಒಂದೊಂದರ ತುದಿಯಲ್ಲೂ ಸಣ್ಣ ಕಚ್ಚು. ಸಣ್ಣಗೋಣಿಗೆ ನಾಲ್ಕು. ಆ ನಾಲ್ಕು ಎಸಳಿನ ಕೆಳಗೆ ನಾಲ್ಕು ಎಲೆ, ನಡುವಿನ ಶಲಾಕೆಯ ತುದಿಯೂ ನಾಲ್ಕು ಸೀಳು. ಕ್ವಾಡ್ರಿಫಿಡ ಎಂಬ ಹೆಸರು ಬಂದದ್ದು ಇಲ್ಲಿಂದ. ಆದರೆ ಇದನ್ನು ನೋಡಲು ಹೊತ್ತು ಸಾಧಿಸಬೇಕು. ಎರಡೂ ಹೂಗಳು ಬೆಳಗಿನ ಬಿಸಿಲಿಗೆ ತೆರೆದು ಕೆಲವೇ ಗಂಟೆಗಳಲ್ಲಿ ಮುಚ್ಚಿಕೊಳ್ಳುತ್ತವೆ, ಮತ್ತೆ ತೆರೆಯುವುದಿಲ್ಲ. ಜೂನ್, ಜುಲೈ ತಿಂಗಳ ಬೆಂಗಳೂರಿನ ಮೋಡ ಮುಸುಕಿದ ದಿನಗಳಲ್ಲಿ ಎಷ್ಟೋ ಹೂ ತೆರೆಯದೆಯೇ ಬಾಡುತ್ತವೆ. ದೊಡ್ಡಗೋಣಿಗೆ ಅದರಿಂದ ನಷ್ಟವೇನಿಲ್ಲ. ಮುಚ್ಚಿದ ಹೂವಿನೊಳಗೇ ಕೇಸರದ ಪರಾಗ ತನ್ನದೇ ಶಲಾಕೆಗೆ ತಗಲಿ ಬೀಜ ಕಟ್ಟುತ್ತದೆ. ಹಣ್ಣಾದ ಬೀಜಕೋಶ ನಡುವಿನಲ್ಲಿ ಸುತ್ತಲೂ ಬಿರಿದು ಮೇಲಿನ ಅರ್ಧ ಕುಂಕುಮದ ಭರಣಿಯ ಮುಚ್ಚಳದ ಹಾಗೆ ಕಳಚಿಕೊಳ್ಳುತ್ತದೆ. ಒಳಗೆ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ದೊಡ್ಡದಾದ ಕಪ್ಪು ಬೀಜಗಳು. ಈ ಮುಚ್ಚಳದ ಬೀಜಕೋಶ ಎರಡರಲ್ಲೂ ಒಂದೇ, ಇಡೀ ಕುಲದ ಗುರುತೇ ಅದು.

ಇಲ್ಲಿ ಒಂದು ಎಚ್ಚರಿಕೆ. ಫುಟ್‌ಪಾತಿನ ಅದೇ ಸಂದಿಗಳಲ್ಲಿ, ಅದೇ ಕೆಂಪು ಕಾಂಡದ, ಅದೇ ಎದುರುಬದುರು ಸಣ್ಣ ಎಲೆಯ ಯುಫೋರ್ಬಿಯ ಜಾತಿಯ ಕಳೆಗಳೂ ಹಬ್ಬುತ್ತವೆ. ಅವು ಕಳ್ಳಿಯ ನೆಂಟರು, ತಿನ್ನಬಾರದವು. ಅವುಗಳ ಎಲೆ ತೆಳು, ರಸವಿಲ್ಲ. ಕಾಂಡ ಚಿವುಟಿದ ಕೂಡಲೆ ಬಿಳಿ ಹಾಲು ಒಸರುತ್ತದೆ. ಗೋಣಿಸೊಪ್ಪನ್ನು ಚಿವುಟಿದರೆ ಬರುವುದು ತಿಳಿನೀರು. ಹಾಲು ಬಂತೋ, ಕೈ ತೊಳೆದುಕೊಂಡು ಬಿಟ್ಟುಬಿಡಿ.

ಇನ್ನು ನೆಂಟಸ್ತಿಕೆಯ ಮಾತು. ಪೋರ್ಟುಲಾಕಾ ಕುಲದಲ್ಲಿ ನೂರಕ್ಕೂ ಹೆಚ್ಚು ಪ್ರಭೇದಗಳಿವೆ. ಅದರ ಕುಟುಂಬದಲ್ಲಿ ಈಗ ಇದೊಂದೇ ಕುಲ. ಹಿಂದೆ ಇದರ ಜೊತೆಗಿದ್ದ ನೆಲಬಸಳೆಯಂಥವನ್ನು ಡಿಎನ್ಎ ಪುರಾವೆಯ ಮೇಲೆ ಬೇರೆ ಕುಟುಂಬಕ್ಕೆ ದಾಟಿಸಲಾಗಿದೆ. 2012ರಲ್ಲಿ ಗಿಲ್ಬರ್ಟೊ ಒಕಾಂಪೊ ಮತ್ತು ಟ್ರಾವಿಸ್ ಕೊಲಂಬಸ್ ಎಂಬ ಸಸ್ಯವಿಜ್ಞಾನಿಗಳು ಈ ಕುಲದ ಪ್ರಭೇದಗಳ ಡಿಎನ್ಎ ಹೋಲಿಸಿ ವಂಶವೃಕ್ಷ ಬರೆದರು. ಅದು ಬುಡದಲ್ಲೇ ಎರಡು ಕೊಂಬೆಯಾಗಿ ಒಡೆಯುತ್ತದೆ. ಒಂದು ಕೊಂಬೆಯ ಗಿಡಗಳಿಗೆ ಎದುರುಬದುರು ಎಲೆ, ಇನ್ನೊಂದರವಕ್ಕೆ ಒಂದಾದ ಮೇಲೊಂದು ಎಲೆ. ಸಣ್ಣಗೋಣಿ ಮೊದಲ ಕೊಂಬೆಯಲ್ಲಿ, ದೊಡ್ಡಗೋಣಿ ಎರಡನೆಯದರಲ್ಲಿ. ಗೆಣ್ಣು ನೋಡಿ ಎಂದದ್ದು ಅದಕ್ಕೇ. ಸಂತೆಯಲ್ಲಿ ಸೊಪ್ಪು ಆರಿಸುವ ಹೆಂಗಸಿಗೆ ಕಾಣುವ ಆ ಒಂದು ಲಕ್ಷಣ ಕುಲದ ಅತಿ ಹಳೆಯ ಕವಲೊಡೆತದ ಗುರುತೂ ಹೌದು.

ಇದರಿಂದ ಹೊರಡುವ ಒಂದು ಸಂಗತಿ ನನಗೆ ಬಹಳ ಹಿಡಿಸಿದೆ. ಇಂದಿರಾನಗರದ ಬಾಲ್ಕನಿಗಳಲ್ಲಿ, ಹಲಸೂರಿನ ವಠಾರಗಳ ಮೆಟ್ಟಿಲ ಪಕ್ಕ ಪೇಂಟ್ ಡಬ್ಬಿಗಳಲ್ಲಿ ಬೆಳೆಸುವ ಟೇಬಲ್ ರೋಸ್ ಯಾರಿಗೆ ಗೊತ್ತಿಲ್ಲ? ಗುಲಾಬಿ, ಕಿತ್ತಳೆ, ಬಿಳಿ, ಹಳದಿ ಹೂವಿನ, ಸೂಜಿ ಎಲೆಯ ಆ ಗಿಡ ಪೋರ್ಟುಲಾಕಾ ಗ್ರಾಂಡಿಫ್ಲೋರ, ದಕ್ಷಿಣ ಅಮೆರಿಕದ್ದು. ನೋಡಲು ಗೋಣಿಸೊಪ್ಪಿಗೂ ಅದಕ್ಕೂ ಸಂಬಂಧವೇ ಇಲ್ಲ ಅನ್ನಿಸುತ್ತದೆ. ಆದರೆ ವಂಶವೃಕ್ಷದಲ್ಲಿ ಅದು ದೊಡ್ಡಗೋಣಿಯ ಕೊಂಬೆಯಲ್ಲೇ ಇದೆ. ಅಂದರೆ ಸಮುದ್ರ ದಾಟಿ ಬಂದ ಟೇಬಲ್ ರೋಸ್ ದೊಡ್ಡಗೋಣಿಗೆ ಹತ್ತಿರದ ದಾಯಾದಿ, ಅದೇ ಮಣ್ಣಿನಲ್ಲಿ ಅದರ ಪಡಿಯಚ್ಚಿನಂತೆ ಬೆಳೆಯುವ ಸಣ್ಣಗೋಣಿ ದೂರದ್ದು. ಹೋಲಿಕೆ ಕಂಡಲ್ಲೆಲ್ಲ ಸಂಬಂಧ ಹತ್ತಿರದ್ದೆಂದು ಊಹಿಸುವ ನಮ್ಮ ಅಭ್ಯಾಸ ಇಲ್ಲಿ ತಲೆಕೆಳಗಾಗುತ್ತದೆ.

ಈ ಊರಿನ ಇಂಥ ಕಳೆಗಳ ಲೆಕ್ಕ ಬರೆದಿಟ್ಟವರೂ ಇದ್ದಾರೆ. ಎಸ್.ವಿ. ರಾಮಸ್ವಾಮಿ ಮತ್ತು ಬಿ.ಎ. ರಜಿ ಅವರು ಬೆಂಗಳೂರು ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥವನ್ನು 1973ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಹೊರತಂದರು. ದಂಡಿನ ಅಂಚಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಜೆಸುಯಿಟ್ ಪಾದ್ರಿ ಸಿಸಿಲ್ ಸಲ್ಡಾನ ಒಣಗಿಸಿದ ಗಿಡಗಳ ದೊಡ್ಡ ಸಂಗ್ರಹವನ್ನೇ ಕಟ್ಟಿದರು. ಅದು ಈಗ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಆ ಸಂಗ್ರಹಕ್ಕೆ ಸಸ್ಯವಿಜ್ಞಾನಿಗಳ ಲೋಕದಲ್ಲಿರುವ ಸಂಕೇತಾಕ್ಷರ ಜೆಸಿಬಿ. ಬೆಂಗಳೂರಿನವರಿಗೆ ಜೆಸಿಬಿ ಎಂದರೆ ಬೇರೇನೇ. ಆ ಇನ್ನೊಂದು ಜೆಸಿಬಿಗೂ ದೊಡ್ಡಗೋಣಿಗೂ ಗಾಢ ಸ್ನೇಹವಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಈ ಗಿಡಗಳು ಕಾದ ಕಲ್ಲಿನ ಮೇಲೆ ಬದುಕುವುದು ಹೇಗೆಂದು ನೋಡೋಣ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಉಷ್ಣಾಂಶ 39.2 ಡಿಗ್ರಿ ಮುಟ್ಟಿತ್ತು. ಅದು ನೆರಳಿನಲ್ಲಿ ಅಳೆದ ಗಾಳಿಯ ಲೆಕ್ಕ. ಮಧ್ಯಾಹ್ನದ ಬಿಸಿಲಿಗೆ ಬಿದ್ದ ಕಲ್ಲುಚಪ್ಪಡಿ ಅದಕ್ಕಿಂತ ಎಷ್ಟೋ ಹೆಚ್ಚು ಕಾದಿರುತ್ತದೆ. ಎಲೆ ಆಹಾರ ತಯಾರಿಸಲು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಒಳಗೆ ತೆಗೆದುಕೊಳ್ಳಬೇಕು. ಅದಕ್ಕೆ ಪತ್ರರಂಧ್ರ ತೆರೆಯಬೇಕು, ತೆರೆದರೆ ನೀರು ಆವಿಯಾಗಿ ಹೋಗುತ್ತದೆ. ಮುಚ್ಚಿಕೊಂಡರೆ ನೀರು ಉಳಿಯುತ್ತದೆ, ಡೈಆಕ್ಸೈಡ್ ಮುಗಿಯುತ್ತದೆ. ಆಗ ರುಬಿಸ್ಕೋ ಎಂಬ ಕಿಣ್ವ ಡೈಆಕ್ಸೈಡಿನ ಬದಲು ಆಮ್ಲಜನಕವನ್ನು ಹಿಡಿದು, ಮಾಡಿದ ಕೆಲಸವನ್ನು ತಾನೇ ಕೆಡಿಸತೊಡಗುತ್ತದೆ. ಸೆಕೆ ಹೆಚ್ಚಿದಷ್ಟೂ ಈ ಪೋಲು ಹೆಚ್ಚು. ಭತ್ತದಂಥ ಗಿಡಗಳಿಗೆ ಇದು ತಪ್ಪದ ಕಾಟ.

ರಾಗಿ, ಜೋಳ, ಕಬ್ಬು ಇದಕ್ಕೊಂದು ದಾರಿ ಕಂಡುಕೊಂಡಿವೆ. ಎಲೆಯ ಹೊರಸುತ್ತಿನ ಕೋಶಗಳಲ್ಲಿ, ಆಮ್ಲಜನಕಕ್ಕೆ ಮರುಳಾಗದ ಇನ್ನೊಂದು ಕಿಣ್ವ ಡೈಆಕ್ಸೈಡನ್ನು ಹಿಡಿದು ನಾಲ್ಕು ಇಂಗಾಲದ ಆಮ್ಲವಾಗಿ ಕಟ್ಟುತ್ತದೆ. ಆ ಆಮ್ಲ ನರಗಳ ಸುತ್ತಲಿನ ಒಳಕೋಶಗಳಿಗೆ ಹೋಗಿ ಅಲ್ಲಿ ಡೈಆಕ್ಸೈಡ್ ಬಿಚ್ಚುತ್ತದೆ. ರುಬಿಸ್ಕೋಗೆ ಸುತ್ತಲೂ ಡೈಆಕ್ಸೈಡ್ ಭರ್ತಿ ಸಿಕ್ಕಿ ಪೋಲು ನಿಲ್ಲುತ್ತದೆ. ಇದಕ್ಕೆ ಸಿ4 ಮಾರ್ಗ ಎನ್ನುತ್ತಾರೆ. ನಮ್ಮ ಎರಡೂ ಗೋಣಿಗಳು ಸಿ4 ಗಿಡಗಳೇ. ಎಲೆಯನ್ನು ಬೆಳಕಿಗೆ ಹಿಡಿದು ನೋಡಿದರೆ ನರಗಳ ಉದ್ದಕ್ಕೂ ಹಸಿರು ಗಾಢವಾಗಿರುವುದು ದೊಡ್ಡಗೋಣಿಯಲ್ಲಿ ಕೆಲವೊಮ್ಮೆ ಕಾಣುತ್ತದೆ. ಆ ಒಳಕೋಶಗಳು ಇರುವುದು ಅಲ್ಲೇ.

ಕಳ್ಳಿ, ಅನಾನಸಿನಂಥವುಗಳ ದಾರಿ ಬೇರೆ. ಅವು ಹಗಲು ಪತ್ರರಂಧ್ರ ಮುಚ್ಚಿ, ರಾತ್ರಿಯ ತಂಪಿನಲ್ಲಿ ತೆರೆದು, ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟು, ಮರುದಿನ ಬಿಸಿಲಲ್ಲಿ ಒಳಗೊಳಗೇ ಬಳಸುತ್ತವೆ. ಇದರ ಹೆಸರು ಕ್ಯಾಮ್. ಬೆಳಗ್ಗೆ ಎಲೆ ಹುಳಿ, ಸಂಜೆಗೆ ಸಪ್ಪೆ. ಈ ರುಚಿಯ ಬದಲಾವಣೆಯನ್ನು ಬರೆದಿಟ್ಟವನು ಬೆಂಜಮಿನ್ ಹೈನ್. ಟಿಪ್ಪುವಿನ ಪತನದ ನಂತರ ಕೆಲಕಾಲ ಲಾಲ್‌ಬಾಗಿನ ಉಸ್ತುವಾರಿ ಹೊತ್ತಿದ್ದ ಈಸ್ಟ್ ಇಂಡಿಯಾ ಕಂಪನಿಯ ಸಸ್ಯಶಾಸ್ತ್ರಜ್ಞ. ಕಾಡುಬಸಳೆಯ ಎಲೆ ಬೆಳಗ್ಗೆ ಹುಳಿಯಾಗಿ, ಮಧ್ಯಾಹ್ನಕ್ಕೆ ರುಚಿಗೆಟ್ಟು, ಸಂಜೆಗೆ ತುಸು ಕಹಿಯಾಗುವುದನ್ನು ಅವನು 1813ರಲ್ಲಿ ಲಂಡನ್ನಿನ ಲ್ಯಾಂಬರ್ಟ್ ಎಂಬವನಿಗೆ ಪತ್ರ ಬರೆದು ತಿಳಿಸಿದ. ಲಿನಿಯನ್ ಸೊಸೈಟಿ ಅದನ್ನು ಪ್ರಕಟಿಸಿತು. ಉಪಕರಣವೆಂದರೆ ಅವನ ನಾಲಿಗೆ ಒಂದೇ. ಕ್ಯಾಮ್ ಕುರಿತ ಪಠ್ಯಪುಸ್ತಕಗಳಲ್ಲಿ ಈ ಪತ್ರಕ್ಕೆ ಇಂದಿಗೂ ಜಾಗವಿದೆ. ಬೆಂಗಳೂರಿನಲ್ಲಿ ಅವನ ಹೆಸರಿನ ಒಂದು ಓಣಿಯಾದರೂ ಇದ್ದರೆ ಚೆನ್ನಾಗಿತ್ತು.

ಒಂದೇ ಎಲೆಯಲ್ಲಿ ಸಿ4 ಮತ್ತು ಕ್ಯಾಮ್ ಎರಡೂ ನಡೆಯಲಾರವು ಎಂಬ ಭಾವನೆ ಬಹಳ ಕಾಲ ಇತ್ತು. ಎರಡಕ್ಕೂ ಮೊದಲ ಹೆಜ್ಜೆಯ ಕಿಣ್ವ ಒಂದೇ. ಒಂದು ಅದನ್ನು ಹಗಲಲ್ಲಿ ಬಳಸುತ್ತದೆ, ಇನ್ನೊಂದು ರಾತ್ರಿಯಲ್ಲಿ. ದೊಡ್ಡಗೋಣಿ ಈ ನಿಯಮ ಮುರಿದಿತ್ತು. ನೀರು ಸಾಕಷ್ಟಿದ್ದಾಗ ಅದು ಬರೀ ಸಿ4. ನೀರು ಕಡಿಮೆಯಾದರೆ ಕೆಲವೇ ದಿನಗಳಲ್ಲಿ ರಾತ್ರಿಯ ಹುಳಿ ಕಟ್ಟಲು ಶುರು. ಮಳೆ ಬಿದ್ದರೆ ಮತ್ತೆ ಮೊದಲಿನಂತೆ. ಇದನ್ನು 1980ರ ಸುಮಾರಿಗೇ ಅಮೆರಿಕದ ವಿಜ್ಞಾನಿಗಳು ದಾಖಲಿಸಿದ್ದರು. ಎಲೆಯೊಳಗೆ ಎಲ್ಲಿ, ಹೇಗೆ ಎಂಬುದು ಬಗೆಹರಿದದ್ದು 2022ರಲ್ಲಿ. ಯೇಲ್ ವಿಶ್ವವಿದ್ಯಾಲಯದ ಎರಿಕಾ ಎಡ್ವರ್ಡ್ಸ್ ಅವರ ತಂಡ ಎಲೆಯ ಯಾವ ಕೋಶದಲ್ಲಿ ಯಾವ ಜೀನ್ ಕೆಲಸ ಮಾಡುತ್ತಿದೆ ಎಂಬುದನ್ನು ಬಿಡಿಸಿ ನೋಡಿತು. ಎರಡೂ ಮಾರ್ಗಗಳು ಬೇರೆ ಬೇರೆ ಕೋಶಗಳಲ್ಲಿ ಹಂಚಿಹೋಗಿರಬಹುದೆಂಬ ಊಹೆ ಅಲ್ಲಿ ಬಿದ್ದುಹೋಯಿತು. ಅವು ಒಂದೇ ಕೋಶದಲ್ಲಿ ನಡೆಯುತ್ತವೆ. ರಾತ್ರಿ ಕೂಡಿಟ್ಟ ಆಮ್ಲ ಹಗಲಲ್ಲಿ ಸಿ4 ಸಾಗಣೆಯ ದಾರಿಯಲ್ಲೇ ಒಳಕೋಶ ಸೇರುತ್ತದೆ. ಸಿ4 ಕೊಡುವ ಬೆಳವಣಿಗೆಯ ವೇಗ, ಕ್ಯಾಮ್ ಕೊಡುವ ತಾಳಿಕೆ, ಎರಡೂ ಒಂದೇ ಕಳೆಯಲ್ಲಿ. ಬರಗಾಲಕ್ಕೆ ಬಾಗದ ಮೆಕ್ಕೆಜೋಳದ ತಳಿಯ ಕನಸು ಕಾಣುವವರು ಈ ಗಿಡವನ್ನು ಅಷ್ಟು ಗಂಭೀರವಾಗಿ ನೋಡುವುದು ಇದಕ್ಕೇ.

ಪೋರ್ಟುಲಾಕಾ ಕುಲದ ಇನ್ನೂ ಹಲವು ಪ್ರಭೇದಗಳಲ್ಲಿ ನೀರು ಕಡಿಮೆಯಾದಾಗ ರಾತ್ರಿಯ ಹುಳಿ ಕಟ್ಟುವ ಈ ಗುಣ ಕಂಡುಬಂದಿದೆ. ಸಿ4 ಕಡೆಗೆ ಅರ್ಧ ದಾರಿ ಮಾತ್ರ ನಡೆದಿರುವ ದಕ್ಷಿಣ ಅಮೆರಿಕದ ಒಂದು ಪ್ರಭೇದದಲ್ಲೂ ಇದೆ. ಹಾಗಾಗಿ ಈ ಕುಲದಲ್ಲಿ ಕ್ಯಾಮ್ ಹಳೆಯದು, ಸಿ4 ಆಮೇಲಿನದು, ಅದೂ ಬೇರೆ ಬೇರೆ ಕವಲುಗಳಲ್ಲಿ ಬೇರೆ ಬೇರೆಯಾಗಿ ಹುಟ್ಟಿದ್ದು ಎಂಬ ವಾದಕ್ಕೆ ಬಲ ಬಂದಿದೆ.

ಪರೀಕ್ಷೆ ಮಾಡಬೇಕೆಂದಿದ್ದರೆ ಕುಂಡದಲ್ಲಿ ಬೆಳೆಸಿದ ದೊಡ್ಡಗೋಣಿಗೆ ಏಪ್ರಿಲ್ ತಿಂಗಳಲ್ಲಿ ನೀರು ನಿಲ್ಲಿಸಿ, ಎಲೆ ಸ್ವಲ್ಪ ಸೊರಗಿದ ಮೇಲೆ ಸೂರ್ಯ ಹುಟ್ಟುವ ಮೊದಲು ಒಂದು ಎಲೆ, ಸಂಜೆ ಐದಕ್ಕೆ ಇನ್ನೊಂದು ಎಲೆ ತಿಂದು ನೋಡಬಹುದು. ಹುಳಿಯ ವ್ಯತ್ಯಾಸ ನಾಲಿಗೆಗೇ ಗೊತ್ತಾಗುತ್ತದೆ. ಹೈನ್‌ನ ಪ್ರಯೋಗವೂ ಇಷ್ಟೇ ಅಗ್ಗದ್ದು.

ನೀರಿನ ವಿಷಯದಲ್ಲಿ ಇಷ್ಟು ಹತ್ತಿರವಿರುವ ಈ ಎರಡು ಗೋಣಿಗಳು ಜಾಗದ ವಿಷಯಕ್ಕೆ ಬಂದರೆ ಬೇರೆ ಬೇರೆ ಬದುಕು ಬದುಕುತ್ತವೆ. ದೊಡ್ಡಗೋಣಿಯ ನಂಬಿಕೆ ಬೀಜದ ಮೇಲೆ. ಚೆನ್ನಾಗಿ ಬೆಳೆದ ಒಂದು ಗಿಡ ಒಂದು ಲಕ್ಷಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಬೀಜ ಮಣ್ಣಿನಡಿ ಕಾದು ಕೂರುತ್ತದೆ. 1879ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ವಿಲಿಯಂ ಬೀಲ್ ಎಂಬ ಪ್ರಾಧ್ಯಾಪಕ ಹಲವು ಕಳೆಗಳ ಬೀಜಗಳನ್ನು ಮರಳಿನೊಡನೆ ಬಾಟಲಿಗಳಲ್ಲಿ ತುಂಬಿ ಹೂತಿಟ್ಟ, ಕೆಲವು ವರ್ಷಕ್ಕೊಂದು ತೆಗೆದು ಬಿತ್ತಿ ನೋಡುವುದೆಂದು. ನಲವತ್ತನೇ ವರ್ಷ ತೆಗೆದ ಬಾಟಲಿಯಲ್ಲೂ ದೊಡ್ಡಗೋಣಿಯ ಬೀಜ ಮೊಳೆತಿತ್ತು. ಮೊಳೆಯಲು ಅದಕ್ಕೆ ಬೆಳಕು, ಶಾಖ, ಬರಿನೆಲ ಬೇಕು. ಯಾರಾದರೂ ಮಣ್ಣು ಮಗುಚಬೇಕು. ಕೆ.ಆರ್. ಪುರದಿಂದ ಆಚೆ ಮಣ್ಣು ಮಗುಚದ ದಿನವಿದೆಯೇ? ಕೆರೆಯಂಚು, ಬಡಾವಣೆಯ ಖಾಲಿ ಸೈಟು, ಮೆಟ್ರೋ ಕಂಬ ಎದ್ದ ಮೇಲೆ ಉಳಿದ ಕೆಮ್ಮಣ್ಣು, ಎಲ್ಲೆಲ್ಲಿ ಜೆಸಿಬಿ ಹೋಗುತ್ತದೋ ಅಲ್ಲಲ್ಲಿ ಮೊದಲ ಮಳೆಗೆ ದೊಡ್ಡಗೋಣಿ ಹಾಜರು. ಒಂದೆರಡು ವರ್ಷ ಯಾರೂ ಮುಟ್ಟದೆ ಬಿಟ್ಟರೆ ಹುಲ್ಲು, ಪಾರ್ಥೇನಿಯಂ ಎದ್ದು ಅದನ್ನು ಮುಚ್ಚಿಹಾಕುತ್ತವೆ. ಆಗ ಅದು ಮತ್ತೆ ಬೀಜವಾಗಿ ಕಾಯುತ್ತದೆ.

ಸಣ್ಣಗೋಣಿಗೂ ಬೀಜ ಉಂಟು. ಆದರೆ ಅದರ ಬದುಕು ನಿಂತಿರುವುದು ಗೆಣ್ಣಿನ ಮೇಲೆ. ಪ್ರತಿ ಗೆಣ್ಣೂ ಬೇರಿಳಿಸಬಲ್ಲದು, ತುಳಿದು ತುಂಡಾದ ಚೂರೂ ಚಿಗುರಬಲ್ಲದು. ಅಗೆಯದ, ಆದರೆ ದಿನವೂ ತುಳಿಯುವ ಜಾಗ ಅದಕ್ಕೆ ಒಗ್ಗುತ್ತದೆ. 1809ರಲ್ಲಿ ದಂಡು ನೆಲೆಯೂರಿದಂದಿನಿಂದ ಈ ಭಾಗದಲ್ಲಿ ಕಲ್ಲುಹಾಸಿಗೆ ಕೊರತೆಯಿಲ್ಲ. 1864ರಲ್ಲಿ ರೈಲು ಬಂದ ಕಂಟೋನ್ಮೆಂಟ್ ನಿಲ್ದಾಣದ ಸುತ್ತಿನ ಜಲ್ಲಿ, ಚರ್ಚುಗಳ ಅಂಗಳ, ಸ್ಮಶಾನದ ಸಮಾಧಿಕಲ್ಲುಗಳ ಅಂಚು, ಸೋಮೇಶ್ವರ ದೇವಸ್ಥಾನದ ಆಸುಪಾಸಿನ ಹಳೆಯ ಮನೆಗಳ ಜಗಲಿ ಬುಡ, ಇಂಥಲ್ಲೆಲ್ಲ ನಾನು ಕಂಡದ್ದು ಸಣ್ಣಗೋಣಿಯೇ ಹೆಚ್ಚು. ಶಿವಾಜಿನಗರದಿಂದ ಪೂರ್ವಕ್ಕೆ ಹೊರಟು, ಹಲಸೂರು, ಇಂದಿರಾನಗರ ದಾಟಿ ಕೆ.ಆರ್. ಪುರದ ಕಡೆ ನೆಲ ನೋಡುತ್ತಾ ಹೋದರೆ ಸಣ್ಣದು ಕಡಿಮೆಯಾಗಿ ದೊಡ್ಡದು ಹೆಚ್ಚುವುದು ನನ್ನ ಕಣ್ಣಿಗೆ ಬಿದ್ದಿದೆ. ಇಂಟರ್‌ಲಾಕ್ ಇಟ್ಟಿಗೆ ಹಾಸಿದ ಹೊಸ ಫುಟ್‌ಪಾತುಗಳು ಈ ಕ್ರಮವನ್ನು ಕಲೆಸುತ್ತಿವೆ. ಮರಳು ತುಂಬಿದ ಅವುಗಳ ಸಂದಿಗಳಲ್ಲಿ ಎರಡೂ ಅಕ್ಕಪಕ್ಕ ಸಿಗುತ್ತವೆ.

ದೊಡ್ಡಗೋಣಿಯ ಮೂಲ ಊರು ಯಾವುದೆಂಬ ಜಗಳ ಬೇರೆ ಇದೆ. ಯುರೋಪಿಯನ್ನರೇ ಅದನ್ನು ಅಮೆರಿಕಕ್ಕೆ ಒಯ್ದರೆಂದು ನಂಬಲಾಗಿತ್ತು. 1975ರಲ್ಲಿ ಕೆನಡಾದ ಕ್ರಾಫರ್ಡ್ ಕೆರೆಯ ತಳದ ಕೆಸರಿನಲ್ಲಿ, ಯುರೋಪಿಯನ್ನರು ಅಲ್ಲಿಗೆ ಬರುವುದಕ್ಕೂ ಮೊದಲಿನ, 1492ಕ್ಕೂ ಹಿಂದಿನ ಪದರಗಳಲ್ಲಿ, ಅದರ ಬೀಜ ಮತ್ತು ಪರಾಗ ಸಿಕ್ಕವು. ಅಲ್ಲಿನ ಮೂಲನಿವಾಸಿಗಳು ಮೆಕ್ಕೆಜೋಳ ಬೆಳೆಯಲು ಕಾಡು ಕಡಿದು ನೆಲ ತೆರೆದಿದ್ದರು, ಗೋಣಿ ಬಂದಿತ್ತು. ಅಷ್ಟೇ ಅಲ್ಲ, ನಾವು ದೊಡ್ಡಗೋಣಿ ಎಂಬ ಒಂದೇ ಹೆಸರಿನಲ್ಲಿ ಕರೆಯುವುದರೊಳಗೆ ವರ್ಣತಂತುಗಳ ಸಂಖ್ಯೆ ಬೇರೆ ಬೇರೆ ಇರುವ ಗುಂಪುಗಳಿವೆ: 18, 36, 54. ಬೀಜದ ಮೇಲ್ಮೈಯ ಉಬ್ಬುತಗ್ಗುಗಳನ್ನು ನೋಡಿ ಇವನ್ನು ಹಲವು ಪ್ರಭೇದಗಳಾಗಿ ಒಡೆಯಬೇಕೆನ್ನುವವರೂ ಇದ್ದಾರೆ, ಒಂದೇ ಎನ್ನುವವರೂ ಇದ್ದಾರೆ.

ಗಿಡವನ್ನು ಹುಡುಕಿಕೊಂಡು ಬರುವ ಇನ್ನೊಬ್ಬ ಗಿರಾಕಿಯಿದ್ದಾನೆ. ಡಾನೈಡ್ ಎಗ್‌ಫ್ಲೈ ಎಂಬ ಚಿಟ್ಟೆ. ಗಂಡು ಕಪ್ಪು, ರೆಕ್ಕೆಯ ಮೇಲೆ ನೇರಳೆ ಅಂಚಿನ ದೊಡ್ಡ ಬಿಳಿ ಮಚ್ಚೆಗಳು. ಹೆಣ್ಣು ಕಿತ್ತಳೆ ಬಣ್ಣದ್ದು, ಎಕ್ಕದ ಎಲೆ ತಿಂದು ವಿಷ ತುಂಬಿಕೊಂಡ ಪ್ಲೇನ್ ಟೈಗರ್ ಚಿಟ್ಟೆಯ ತದ್ರೂಪ. ಹಕ್ಕಿಗಳು ವಿಷದ್ದೆಂದು ತಿಳಿದು ಅದನ್ನು ಬಿಟ್ಟುಬಿಡುತ್ತವೆ. ಆದರೆ ಅದರ ಮರಿಹುಳು ಮೇಯುವುದು ವಿಷವಿಲ್ಲದ ಗೋಣಿಸೊಪ್ಪನ್ನು. ನೆಲಮಟ್ಟದಲ್ಲಿ ತಡೆತಡೆದು ಹಾರುತ್ತಾ, ಕೂತು ಏಳುತ್ತಾ ಇರುವ ಕಿತ್ತಳೆ ಚಿಟ್ಟೆ ಕಂಡರೆ ಎಲ್ಲಿ ಕೂರುತ್ತದೆಂದು ಗಮನಿಸಿ. ಎಕ್ಕದ ಗಿಡ ಬಿಟ್ಟು ಗೋಣಿಯ ಹತ್ತಿರ ಸುಳಿದರೆ ಅದು ವೇಷಧಾರಿಯೇ.

ಅಡಿಗೆಮನೆಯಲ್ಲಿ ಎರಡಕ್ಕೂ ಒಂದೇ ಮರ್ಯಾದೆ. ಬೆರಕೆ ಸೊಪ್ಪಿನ ಮಸ್ಸೊಪ್ಪಿಗೆ ಅಣ್ಣೆ, ಗಣಿಕೆ, ಕೀರೆಯ ಜೊತೆ ಗೋಣಿಯೂ ಬೀಳಬೇಕು. ಅದರ ಲೋಳೆ ಸಾರಿಗೆ ಮಂದ ಕೊಡುತ್ತದೆ, ಹುಳಿ ಇರುವುದರಿಂದ ಹುಣಸೆ ಕಡಿಮೆ ಸಾಕು. ಉಳಿದಂತೆ ತೊಗರಿಬೇಳೆಯೊಡನೆ ಕೂಟು, ಮಾಂಸದೊಡನೆ ಕುಲ್ಫಾ ಗೋಷ್ಟ್. ದೊಡ್ಡಗೋಣಿಯನ್ನು ಸೋಸುವುದು ಸುಲಭ. ಸಣ್ಣದರಲ್ಲಿ ಗೆಣ್ಣಿನ ಬೇರು, ಅದಕ್ಕಂಟಿದ ಮಣ್ಣು, ಕೂದಲು, ಎಲ್ಲ ಬಿಡಿಸುವಷ್ಟರಲ್ಲಿ ತಾಳ್ಮೆ ಹೋಗುತ್ತದೆ. ರುಚಿ ಸಣ್ಣದರದ್ದೇ ಮೇಲು ಎನ್ನುವವರಿದ್ದಾರೆ. ನನಗಂತೂ ಸೋಸುವ ಕಷ್ಟಕ್ಕೆ ತಕ್ಕ ಹೆಚ್ಚಳ ಕಾಣಲಿಲ್ಲ.

ಪೋಷಣೆಯ ಮಾತಿಗೆ ಬಂದರೆ ದೊಡ್ಡಗೋಣಿಗೆ 1986ರಲ್ಲಿ ಹೆಸರು ಬಂತು. ನೆಲದ ಮೇಲಿನ ಸೊಪ್ಪಿನಲ್ಲಿ ಒಮೆಗಾ-3 ಕೊಬ್ಬಿನಾಮ್ಲ ಇಷ್ಟಿದೆ ಎಂದು ಆರ್ಟೆಮಿಸ್ ಸಿಮೊಪೌಲಸ್ ಮತ್ತು ನಾರ್ಮನ್ ಸೇಲಂ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ತೋರಿಸಿದರು. ನೂರು ಗ್ರಾಂ ಹಸಿ ಎಲೆಯಲ್ಲಿ 300ರಿಂದ 400 ಮಿಲಿಗ್ರಾಂ ಆಲ್ಫಾ ಲಿನೊಲೆನಿಕ್ ಆಮ್ಲ. ಸೊಪ್ಪಿನ ಮಟ್ಟಿಗೆ ಇದು ಬಹಳ. ಆದರೆ ಮೀನಿನೆಣ್ಣೆಯಲ್ಲಿರುವ ಬಗೆಯ ಒಮೆಗಾ-3 ಬೇರೆ, ಇದನ್ನು ದೇಹ ಅದಕ್ಕೆ ಪರಿವರ್ತಿಸುವುದು ಅಲ್ಪಸ್ವಲ್ಪ ಮಾತ್ರ. ‘ಸೂಪರ್ ಫುಡ್’ ಎಂದು ಕೂಗುವವರು ಈ ಎರಡನೆಯ ಅರ್ಧವನ್ನು ನುಂಗಿಬಿಡುತ್ತಾರೆ. ಆಕ್ಸಲೇಟ್ ಕೂಡ ಹೆಚ್ಚಿದೆ, ಮೂತ್ರಪಿಂಡದಲ್ಲಿ ಕಲ್ಲಾಗುವವರು ದೂರವಿರುವುದು ಒಳ್ಳೆಯದು. ಮೊಸರಿನೊಡನೆ ತಿಂದರೆ ಅದರ ಸುಣ್ಣದಂಶ ಆಕ್ಸಲೇಟನ್ನು ಕಟ್ಟಿಹಾಕಿ ದೇಹಕ್ಕೆ ಸೇರುವುದನ್ನು ತಗ್ಗಿಸುತ್ತದೆ. ಸೊಪ್ಪನ್ನು ಮಾತ್ರ ಸಿಎಂಎಚ್ ರಸ್ತೆಯ ಮೆಟ್ರೋ ಕಂಬದ ಬುಡದಿಂದ ಕಿತ್ತು ತರಬೇಡಿ. ವಾಹನದ ಹೊಗೆ, ಚರಂಡಿ ನೀರು, ನಾಯಿಗಳ ಓಡಾಟ ಒಂದು ಕಡೆ. ಮಣ್ಣಿನ ಭಾರಲೋಹಗಳನ್ನು ಹೀರಿಕೊಳ್ಳುವ ಗುಣವೂ ಈ ಗಿಡಕ್ಕಿದೆ.

ಪಾರ್ಕುಗಳಲ್ಲಿ ಕಳೆ ತೆಗೆಯುವವರು ಎರಡನ್ನೂ ಒಂದೇ ಕುರ್ಚಿಗೆಯಿಂದ ಕೆತ್ತಿ ಅಲ್ಲೇ ಗುಡ್ಡೆ ಹಾಕಿ ಹೋಗುತ್ತಾರೆ. ಎರಡಕ್ಕೂ ಅದು ಅನುಕೂಲವೇ. ಕಿತ್ತ ದೊಡ್ಡಗೋಣಿ ಎಲೆ ಕಾಂಡದ ನೀರಿನಲ್ಲೇ ದಿನಗಟ್ಟಲೆ ಜೀವ ಹಿಡಿದು, ಕಟ್ಟಿದ ಕಾಯನ್ನು ಮಾಗಿಸಿ ಬೀಜ ಉದುರಿಸುತ್ತದೆ. ಕೆತ್ತಿದ ಸಣ್ಣಗೋಣಿಯ ಒಂದೊಂದು ಚೂರೂ ಒದ್ದೆ ನೆಲ ಸಿಕ್ಕಲ್ಲಿ ಬೇರಿಳಿಸುತ್ತದೆ. ದೊಡ್ಡದನ್ನು ಹೂವಿಗೆ ಮೊದಲೇ, ತಾಯಿಬೇರು ಸಮೇತ ಎತ್ತಬೇಕು. ಸಣ್ಣದನ್ನು ಮಳೆ ಬಿದ್ದು ಮಣ್ಣು ಸಡಿಲವಾದಾಗ ಗೆಣ್ಣು ಗೆಣ್ಣೂ ಬಿಡಿಸಿ ತೆಗೆಯಬೇಕು. ಕಿತ್ತದ್ದನ್ನು ಅಲ್ಲೇ ಬಿಡದೆ ಬುಟ್ಟಿಗೆ ತುಂಬಿ ಒಯ್ಯಬೇಕು. ಕೆ.ಆರ್. ಪುರದಾಚೆಯ ರಾಗಿ ಹೊಲಗಳಲ್ಲಿ ಕಳೆ ಕೀಳುವ ಹೆಂಗಸರು ಮಡಿಲಿಗೆ ಹಾಕಿಕೊಂಡು ಮನೆಗೆ ತರುವುದು ಈ ಗೋಣಿಯನ್ನೇ.